ಗಂಗಾಮೂಲದಿಂದ ಫಿಲಡೆಲ್ಫಿಯಾಗೆ: ಪಂಡಿತಾ ರಮಾಬಾಯಿ

ಪದವಿ ಪಡೆಯುತ್ತಿರುವ ನಮ್ಮ ಮಕ್ಕಳಿಗಾಗಿ ಒಬ್ಬ ಸಾಧಕಿಯ ಬದುಕನ್ನು ಬರೆದುಕೊಡಿ ಎಂದು ಸಂಚಿಕೆಯ ಸಂಪಾದಕ ಬಳಗ ಕೇಳಿದಾಗ ನನಗೆ ಮೊದಲು ನೆನಪಾದದ್ದು ಇನ್ನೊಂದು ಪದವಿ ಪ್ರದಾನ ಸಮಾರಂಭ. ಅದು ನಡೆದದ್ದು ಇದೇ ಅಮೆರಿಕದಲ್ಲಿ, ಫಿಲಡೆಲ್ಫಿಯಾ ನಗರದಲ್ಲಿ, 1886ರ ಮಾರ್ಚ್ 11ರಂದು. ಅಂದು ಪೆನ್ಸಿಲ್ವೇನಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ ಆನಂದಿಬಾಯಿ ಜೋಶಿ ವೈದ್ಯೆಯಾಗಿ ಪದವಿ ಪಡೆದರು. ಅದನ್ನು ಕಣ್ಣಾರೆ ನೋಡಲೆಂದು ಇಂಗ್ಲೆಂಡಿನಿಂದ ಹಡಗು ಹತ್ತಿ, ಐದು ತುಂಬದ ಮಗಳನ್ನು ಕರೆದುಕೊಂಡು ಬಂದವರು ಆಕೆಯ ಸಂಬಂಧಿ ಪಂಡಿತಾ ರಮಾಬಾಯಿ. ಆಗ ಅವರಿಗೆ 27 ವರ್ಷ.

ಆನಂದಿಬಾಯಿಯ ಹೆಸರನ್ನು ನಮ್ಮ ಮಕ್ಕಳಲ್ಲಿ ಕೆಲವರಾದರೂ ಕೇಳಿರುತ್ತಾರೆ. ನಾನು ಹೇಳಹೊರಟಿರುವುದು ಪ್ರೇಕ್ಷಕರ ನಡುವೆ ಕುಳಿತಿದ್ದ ರಮಾಬಾಯಿಯವರ ಕಥೆ. ನಾನು ಕಾರ್ಕಳದ ಕಡೆಯವಳು. ರಮಾಬಾಯಿಯವರ ಕಥೆ ಆರಂಭವಾಗುವುದು ನಮ್ಮ ಪಕ್ಕದ ಮಾಳ ಎಂಬ ಊರಿನಲ್ಲಿ.

ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ಮಾಳದಲ್ಲಿ ನೆಲೆಸಿದ್ದ ಚಿತ್ಪಾವನ ಬ್ರಾಹ್ಮಣ ಮನೆತನದವರು, ದೊಡ್ಡ ಸಂಸ್ಕೃತ ವಿದ್ವಾಂಸರು. ಪುಣೆಯಲ್ಲಿ ಓದುತ್ತಿದ್ದಾಗ ತಮ್ಮ ಗುರುಗಳು ಪೇಶ್ವೆಯ ರಾಣಿಗೆ ಸಂಸ್ಕೃತ ಪಾಠ ಹೇಳುವುದನ್ನು ಅವರು ಕಂಡಿದ್ದರು. ಹೆಣ್ಣುಮಕ್ಕಳೂ ಹೀಗೆ ಕಲಿಯಬಹುದಲ್ಲ ಎಂಬ ಯೋಚನೆ ಅಂದೇ ಅವರ ತಲೆಗೆ ಹೊಕ್ಕಿತು. ಊರಿಗೆ ಮರಳಿ ಹೆಂಡತಿಗೆ ಓದು ಕಲಿಸಲು ಹೊರಟಾಗ ಮನೆಯ ಹಿರಿಯರು ಒಪ್ಪಲಿಲ್ಲ. ಆಕೆ ತೀರಿಕೊಂಡ ಮೇಲೆ ಎರಡನೆಯ ಮದುವೆಯಾಗಿ ಮನೆಗೆ ಬಂದ ಹುಡುಗಿಯೇ ಲಕ್ಷ್ಮೀಬಾಯಿ. ಈ ಸಲ ಶಾಸ್ತ್ರಿಗಳು ಹಟ ಬಿಡಲಿಲ್ಲ. ಹೆಂಗಸಿಗೆ ಸಂಸ್ಕೃತವೇ ಎಂದು ಊರೆಲ್ಲ ಗದ್ದಲವೆದ್ದಿತು. ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ನಿಂತು ಶಾಸ್ತ್ರಾಧಾರಗಳನ್ನು ಕೊಟ್ಟು ತಮ್ಮ ನಡೆಯನ್ನು ಸಮರ್ಥಿಸಿಕೊಳ್ಳಬೇಕಾಯಿತು. ಕೊನೆಗೆ ಊರಿನ ಸಹವಾಸವೇ ಬೇಡವೆಂದು ಅವರು ಹೆಂಡತಿಯೊಡನೆ ಘಟ್ಟ ಹತ್ತಿ ಗಂಗಾಮೂಲದ ಕಾಡಿನಲ್ಲಿ ಮನೆ ಕಟ್ಟಿದರು. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಜಾಗ ಅದು. ಸುತ್ತ ಹುಲಿ ಓಡಾಡುವ ಆ ಕಾಡಿನಲ್ಲಿ ಲಕ್ಷ್ಮೀಬಾಯಿ ಓದು ಕಲಿತರು. ಅಲ್ಲಿಯೇ 1858ರ ಏಪ್ರಿಲ್ 23ರಂದು ರಮಾ ಹುಟ್ಟಿದರು.

ಶಾಸ್ತ್ರಿಗಳ ಮನೆಗೆ ಶಿಷ್ಯರು ಬಂದರು, ಯಾತ್ರಿಕರು ಬಂದರು, ಬಂದವರಿಗೆಲ್ಲ ಊಟ ಹಾಕಿ ಹಾಕಿ ಆಸ್ತಿ ಕರಗಿತು. ರಮಾ ಆರು ತಿಂಗಳ ಕೂಸಾಗಿದ್ದಾಗ ಇಡೀ ಸಂಸಾರ ತೀರ್ಥಯಾತ್ರೆಗೆ ಹೊರಟಿತು. ಕೂಸನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಹೊತ್ತು ಘಟ್ಟ ಇಳಿಸಿದರು. ಮುಂದಿನ ವರ್ಷಗಳೆಲ್ಲ ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆದು, ದೇವಸ್ಥಾನಗಳಲ್ಲಿ ಪುರಾಣ ಓದಿ, ಜನ ಕೊಟ್ಟದ್ದರಲ್ಲಿ ಬದುಕಿದ್ದೇ. ರಮಾ ಯಾವ ಶಾಲೆಯ ಮೆಟ್ಟಿಲನ್ನೂ ಹತ್ತಲಿಲ್ಲ. ವಯಸ್ಸಾದ ತಂದೆಗೆ ಪಾಠ ಹೇಳುವ ಶಕ್ತಿ ಉಳಿದಿರಲಿಲ್ಲ. ಹೀಗಾಗಿ ತಾಯಿ ಲಕ್ಷ್ಮೀಬಾಯಿಯೇ ಗುರುವಾದರು. ಬೆಳಗಿನ ಜಾವ, ಕೆಲಸ ಹತ್ತಿಕೊಳ್ಳುವ ಮುಂಚೆ, ನಿದ್ದೆಗಣ್ಣಿನ ಮಗಳನ್ನು ಮುದ್ದಿಸಿ ಎಬ್ಬಿಸಿ ಬಾಯಿಪಾಠ ಹೇಳಿಕೊಟ್ಟರು. ಭಾಗವತದ ಹದಿನೆಂಟು ಸಾವಿರ ಶ್ಲೋಕಗಳು ಹೀಗೆ ಹುಡುಗಿಯ ನಾಲಿಗೆಗೆ ಬಂದವು. ಮರಾಠಿ, ಕನ್ನಡ, ಹಿಂದಿ, ಬಂಗಾಳಿ ಭಾಷೆಗಳು ಮನೆಯಿಂದಲೂ ದಾರಿಯಿಂದಲೂ ದಕ್ಕಿದವು.

ಆಮೇಲೆ ಬರಗಾಲ ಬಂತು. ಭಿಕ್ಷೆ ಬೇಡುವುದಕ್ಕೆ ಮನಸ್ಸಿಲ್ಲ, ಕೂಲಿ ಮಾಡುವುದು ಗೊತ್ತಿಲ್ಲ. 1874ರಲ್ಲಿ ತಂದೆ ಹಸಿವಿನಿಂದ ಬಳಲಿ ತೀರಿಕೊಂಡರು. ಕೆಲವೇ ವಾರಗಳಲ್ಲಿ ತಾಯಿಯೂ ಹೋದರು. ಚಟ್ಟ ಹೊರಲು ನಾಲ್ಕು ಜನ ಸಿಗಲಿಲ್ಲ. ಅಣ್ಣ ಶ್ರೀನಿವಾಸ ಮತ್ತು ಕನಿಕರಪಟ್ಟು ಬಂದ ಇಬ್ಬರ ಜೊತೆ ನಾಲ್ಕನೆಯವಳಾಗಿ ನಿಂತವಳು ಹದಿನಾರರ ರಮಾ. ಉಳಿದವರ ಹೆಗಲಿನ ಎತ್ತರಕ್ಕೆ ನಿಲುಕದ ಗಿಡ್ಡ ಹುಡುಗಿ ತಾಯಿಯ ಚಟ್ಟವನ್ನು ತಲೆಯ ಮೇಲೆ ಹೊತ್ತು ಸ್ಮಶಾನದವರೆಗೆ ನಡೆದಳು. ಇದನ್ನು ಓದಿದಾಗಲೆಲ್ಲ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತೇನೆ. ಹೆಣ್ಣು ಚಟ್ಟ ಹೊರಬಾರದೆಂಬ ಕಟ್ಟಳೆಯನ್ನು ಮುರಿಯಬೇಕೆಂದು ಆಕೆ ಅದನ್ನು ಮಾಡಲಿಲ್ಲ. ತಾಯಿಯನ್ನು ಹಾಗೆಯೇ ಬಿಟ್ಟು ಹೋಗಲಾಗದು ಎಂದು ಮಾಡಿದಳು. ಧೈರ್ಯವೆಂದು ನಾವು ಆಮೇಲೆ ಕರೆಯುವುದು, ಆ ಹೊತ್ತಿಗೆ ಬೇರೆ ದಾರಿಯಿಲ್ಲದೆ ಮಾಡಿದ ಕೆಲಸವೇ ಆಗಿರುತ್ತದೆ ಎಂದು ನನಗೆ ಅನ್ನಿಸುತ್ತದೆ.

ಅಕ್ಕನೂ ಬದುಕಲಿಲ್ಲ. ಅಣ್ಣ ತಂಗಿ ಇಬ್ಬರೇ ಉತ್ತರ ಭಾರತದುದ್ದಕ್ಕೂ ಸುಮಾರು ನಾಲ್ಕು ಸಾವಿರ ಮೈಲಿ ನಡೆದರು. ಪಂಜಾಬಿನ ಚಳಿಯಲ್ಲಿ ಹೊದೆಯಲು ಏನೂ ಇಲ್ಲದೆ, ನದಿಯ ದಂಡೆಯಲ್ಲಿ ಗುಂಡಿ ತೋಡಿ ಮೈಮೇಲೆ ಮರಳು ಎಳೆದುಕೊಂಡು ಮಲಗಿದರು. 1878ರಲ್ಲಿ ಕಲ್ಕತ್ತೆ ಸೇರಿದಾಗ ಅವರ ದೆಸೆ ತಿರುಗಿತು. ಇಪ್ಪತ್ತರ ಹುಡುಗಿಯ ಸಂಸ್ಕೃತಕ್ಕೆ ಅಲ್ಲಿನ ವಿದ್ವಾಂಸರು ಬೆರಗಾಗಿ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನು ಕೊಟ್ಟರು. ಕಾಡಿನಲ್ಲಿ ತಾಯಿ ಕಲಿತ ವಿದ್ಯೆ ಮಗಳ ಮೂಲಕ ಸಭೆಯಲ್ಲಿ ಮನ್ನಣೆ ಪಡೆಯಿತು.

1880ರಲ್ಲಿ ಅಣ್ಣನೂ ತೀರಿಕೊಂಡ. ಅದೇ ವರ್ಷ ರಮಾಬಾಯಿ ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ಮದುವೆಯಾದರು. ಬೇರೆ ಜಾತಿ, ಬೇರೆ ಭಾಷೆ, ಅದೂ ರಿಜಿಸ್ಟರ್ ಮದುವೆ. ಇಂದು ನಮ್ಮ ಸಮುದಾಯದಲ್ಲಿ ಇಂಥ ಮದುವೆಗೆ ಹೋಗಿ ಊಟ ಮಾಡಿ ಬರುತ್ತೇವೆ. 1880ರಲ್ಲಿ ಅದರ ಬೆಲೆ ಬಹಿಷ್ಕಾರ. ಮಗಳು ಮನೋರಮಾ ಹುಟ್ಟಿದಳು. ಮದುವೆಗೆ ಎರಡು ವರ್ಷ ತುಂಬುವ ಮೊದಲೇ ಗಂಡ ಕಾಲರಾಕ್ಕೆ ಬಲಿಯಾದರು.

23ರ ವಿಧವೆ, ಒಂದು ವರ್ಷವೂ ತುಂಬದ ಮಗು. ಮೂಲೆ ಸೇರಬೇಕೆಂದು ಸಮಾಜ ಹೇಳುವ ಸ್ಥಿತಿ. ರಮಾಬಾಯಿ ಪುಣೆಗೆ ಹೋಗಿ 1882ರಲ್ಲಿ ಆರ್ಯ ಮಹಿಳಾ ಸಮಾಜ ಕಟ್ಟಿದರು. ಶಿಕ್ಷಣದ ಬಗ್ಗೆ ವಿಚಾರಿಸಲು ಬಂದ ಹಂಟರ್ ಆಯೋಗದ ಮುಂದೆ ನಿಂತು, ಹೆಣ್ಣುಮಕ್ಕಳಿಗೆ ಕಲಿಸಲು ಶಿಕ್ಷಕಿಯರು ಬೇಕು, ಚಿಕಿತ್ಸೆ ಮಾಡಲು ವೈದ್ಯೆಯರು ಬೇಕು ಎಂದು ಮರಾಠಿಯಲ್ಲೇ ಸಾಕ್ಷ್ಯ ಕೊಟ್ಟರು. ತಾವೇ ವೈದ್ಯೆಯಾಗಬೇಕೆಂದು 1883ರಲ್ಲಿ ಮಗಳೊಂದಿಗೆ ಇಂಗ್ಲೆಂಡಿಗೆ ಹೊರಟರು. ಆದರೆ ಕಿವಿ ಮಂದವಾಗಿದ್ದರಿಂದ ಆ ಆಸೆ ಕೈಗೂಡಲಿಲ್ಲ. ಅದೇ ವರ್ಷ ಅಲ್ಲಿ ಕ್ರೈಸ್ತ ಧರ್ಮ ಸ್ವೀಕರಿಸಿದರು. ಭಾರತದಲ್ಲಿ ಅವರನ್ನು ಹೊಗಳುತ್ತಿದ್ದ ಅನೇಕರು ಮುಖ ತಿರುಗಿಸಿದರು. ಹಾಗೆಂದು ಇಂಗ್ಲೆಂಡಿನ ಚರ್ಚಿನವರು ಹೇಳಿದ್ದಕ್ಕೆಲ್ಲ ಅವರು ತಲೆಯಾಡಿಸಲಿಲ್ಲ, ಅವರೊಡನೆಯೂ ವಾದ ಮಾಡಿದರು. ಅವರ ಮತಾಂತರದ ಬಗ್ಗೆ ಅಂದಿನಿಂದ ಇಂದಿನವರೆಗೆ ಚರ್ಚೆ ನಡೆದೇ ಇದೆ. ಅವರ ಆಯ್ಕೆಗಳನ್ನೆಲ್ಲ ಒಪ್ಪದವರೂ ಅವರು ತಮ್ಮ ಬದುಕನ್ನು ತಾವೇ ಆಯ್ದುಕೊಂಡರೆಂಬುದನ್ನು ಅಲ್ಲಗಳೆಯಲಾರರು.

ಮತ್ತೆ ಫಿಲಡೆಲ್ಫಿಯಾಗೆ ಬರೋಣ. ತಮಗೆ ಸಿಗದ ವೈದ್ಯ ಪದವಿಯನ್ನು ಇನ್ನೊಬ್ಬಳು ಪಡೆಯುವುದನ್ನು ನೋಡಿ ಹರಸಲು ಅವರು ಸಮುದ್ರ ದಾಟಿ ಬಂದಿದ್ದರು. ಆದರೆ ಆನಂದಿಬಾಯಿ ಊರಿಗೆ ಮರಳಿ ಕೆಲಸ ಶುರುಮಾಡುವ ಮೊದಲೇ, 1887ರ ಫೆಬ್ರುವರಿಯಲ್ಲಿ, 22 ತುಂಬುವ ಮುನ್ನವೇ ಕ್ಷಯದಿಂದ ತೀರಿಕೊಂಡರು. ರಮಾಬಾಯಿ ಅಮೆರಿಕದಲ್ಲೇ ಇದ್ದರು. ಬೇಗ ಹಿಂತಿರುಗಬೇಕೆಂದು ಬಂದವರು ಎರಡೂವರೆ ವರ್ಷಕ್ಕೂ ಹೆಚ್ಚು ಉಳಿದರು. ಪುಟ್ಟ ಮಕ್ಕಳಿಗೆ ಆಟದ ಮೂಲಕ ಕಲಿಸುವ ಕಿಂಡರ್‌ಗಾರ್ಟನ್ ಪದ್ಧತಿ ಕಲಿತರು. ಊರೂರು ಸುತ್ತಿ ಭಾರತದ ಬಾಲವಿಧವೆಯರ ಸ್ಥಿತಿಯ ಬಗ್ಗೆ ಭಾಷಣ ಮಾಡಿದರು. 1887ರಲ್ಲಿ ಮೇಲ್ಜಾತಿಯ ಹಿಂದೂ ಹೆಣ್ಣಿನ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಅದನ್ನು ಅರ್ಪಿಸಿದ್ದು ತಾಯಿ ಲಕ್ಷ್ಮೀಬಾಯಿಯ ನೆನಪಿಗೆ. ಅದೇ ವರ್ಷದ ಕೊನೆಗೆ ಬಾಸ್ಟನ್‌ನಲ್ಲಿ ರಮಾಬಾಯಿ ಅಸೋಸಿಯೇಷನ್ ಹುಟ್ಟಿತು. ಭಾರತದಲ್ಲಿ ವಿಧವೆಯರಿಗಾಗಿ ತೆರೆಯುವ ಶಾಲೆಗೆ ಹತ್ತು ವರ್ಷ ಹಣ ಒದಗಿಸಲು ಅಲ್ಲಿನ ಜನ ಒಪ್ಪಿದರು.

1889ರ ಮಾರ್ಚ್ 11ರಂದು, ಫಿಲಡೆಲ್ಫಿಯಾದ ಸಮಾರಂಭಕ್ಕೆ ಸರಿಯಾಗಿ ಮೂರು ವರ್ಷ ತುಂಬಿದ ದಿನ, ಮುಂಬೈಯಲ್ಲಿ ಶಾರದಾ ಸದನ ಬಾಗಿಲು ತೆರೆಯಿತು. ಸೇರಿದವರು ಬೆರಳೆಣಿಕೆಯಷ್ಟು. ವಿಧವೆಯರಲ್ಲಿ ಮೊದಲು ಬಂದವರು ಗೋದೂಬಾಯಿ. ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡು, ಅತ್ತೆಮನೆಯ ಕೆಲಸದಲ್ಲಿ ವರ್ಷಗಳನ್ನು ಸವೆಸಿದ್ದ ಸಾಧಾರಣ ಹಳ್ಳಿಯ ಹೆಣ್ಣುಮಗಳು. ಇಪ್ಪತ್ತು ದಾಟಿದ ಆಕೆ ಶಾಲೆಗೆ ಬಂದು ಓದಲು ಕುಳಿತರು. 1893ರಲ್ಲಿ ಧೊಂಡೊ ಕೇಶವ ಕರ್ವೆಯವರನ್ನು ಮರುಮದುವೆಯಾದರು. ಕರ್ವೆಯವರ ಊರು ಮುರುಡ್ ಈ ದಂಪತಿಗೆ ಬಹಿಷ್ಕಾರ ಹಾಕಿತು. ಅವರು ಜಗ್ಗಲಿಲ್ಲ. ಮುಂದೆ ಕರ್ವೆಯವರು ವಿಧವೆಯರಿಗೆ ಆಶ್ರಮವನ್ನೂ 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನೂ ಕಟ್ಟಿದರು. ಎಷ್ಟೋ ಸಾವಿರ ಹೆಣ್ಣುಮಕ್ಕಳು ಹತ್ತಿದ ಆ ಮೆಟ್ಟಿಲುಗಳ ಹಿಂದೆ ಗೋದೂಬಾಯಿ ಇದ್ದಾರೆ, ಗೋದೂಬಾಯಿಯ ಹಿಂದೆ ರಮಾಬಾಯಿ, ರಮಾಬಾಯಿಯ ಹಿಂದೆ ಲಕ್ಷ್ಮೀಬಾಯಿ.

ಶಾರದಾ ಸದನ ಪುಣೆಗೆ ಹೋದ ಮೇಲೆ ಅಲ್ಲಿ ಮತಾಂತರ ನಡೆಯುತ್ತಿದೆ ಎಂಬ ಆರೋಪ ಎದ್ದಿತು. ಸಲಹಾ ಮಂಡಳಿಯ ಗಣ್ಯರು ರಾಜೀನಾಮೆ ಕೊಟ್ಟರು, ಪೋಷಕರು ಹೆಣ್ಣುಮಕ್ಕಳನ್ನು ಬಿಡಿಸಿಕೊಂಡು ಹೋದರು. ರಮಾಬಾಯಿ ಉಳಿದವರೊಂದಿಗೆ ಕೆಲಸ ಮುಂದುವರಿಸಿದರು. ಪುಣೆಯ ಬಳಿ ಕೇಡಗಾಂವ್‌ನಲ್ಲಿ ಜಮೀನು ಕೊಂಡರು. 1896ರ ಭೀಕರ ಕ್ಷಾಮ ಬಂದಾಗ ಹಸಿವಿನ ಅರ್ಥ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕ್ಷಾಮದ ಊರುಗಳಿಗೆ ತಾವೇ ಹೋಗಿ ನೂರಾರು ಹೆಂಗಸರನ್ನೂ ಹುಡುಗಿಯರನ್ನೂ ಕರೆತಂದರು. ಅವರಿಗಾಗಿ ಬೆಳೆದದ್ದೇ ಮುಕ್ತಿ ಸದನ. 1900ರ ಹೊತ್ತಿಗೆ ಅಲ್ಲಿ ಸಾವಿರಕ್ಕೂ ಹೆಚ್ಚು ಜನರಿದ್ದರು. ಓದು ಬರಹದ ಜೊತೆಗೆ ನೇಯ್ಗೆ, ಹೊಲಿಗೆ, ಹೈನು, ಎಣ್ಣೆ ತೆಗೆಯುವುದು, ತೋಟದ ಕೆಲಸ, ಅಚ್ಚುಕೂಟದಲ್ಲಿ ಮೊಳೆ ಜೋಡಿಸುವುದು, ಎಲ್ಲವನ್ನೂ ಹೆಂಗಸರೇ ಮಾಡುತ್ತಿದ್ದರು. ಕಣ್ಣಿಲ್ಲದವರಿಗೆ ಮನೋರಮಾ ಬ್ರೈಲ್ ಕಲಿಸಿದರು. ರಮಾಬಾಯಿ ಕೊನೆಯ ವರ್ಷಗಳಲ್ಲಿ ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲನ್ನು ಮರಾಠಿಗೆ ತಂದರು. ಕನ್ನಡ ನಾಡಿನ ನಂಟೂ ಕಡಿಯಲಿಲ್ಲ. ಕಲಬುರಗಿಯಲ್ಲಿ ಶಾಲೆ ತೆರೆದರು, ಅದರ ಹೊಣೆ ಮನೋರಮಾ ಹೊತ್ತರು. 1921ರಲ್ಲಿ ಆ ಒಬ್ಬಳೇ ಮಗಳು ತೀರಿಕೊಂಡಳು. ಮರುವರ್ಷ ಏಪ್ರಿಲ್ 5ರಂದು ರಮಾಬಾಯಿಯೂ ಕಣ್ಣು ಮುಚ್ಚಿದರು.

ಪದವೀಧರ ಮಕ್ಕಳೇ, ಇಷ್ಟು ದಿನ ಭಾನುವಾರದ ನಿದ್ದೆ ಬಿಟ್ಟು ಎದ್ದು ಬಂದು ಕನ್ನಡ ಕಲಿತಿರಿ. ನಿಮ್ಮನ್ನು ಎಬ್ಬಿಸಿದವರು ಬಹುತೇಕ ನಿಮ್ಮ ಅಮ್ಮಂದಿರು. ಮನೆಯಲ್ಲಿ ಕಲಿತ ಮಾತು ಎಲ್ಲಿಗೆ ಕರೆದೊಯ್ಯುತ್ತದೆ ಎಂದು ಕಲಿಯುವಾಗ ಯಾರಿಗೂ ಗೊತ್ತಿರುವುದಿಲ್ಲ. ಲಕ್ಷ್ಮೀಬಾಯಿಗೂ ಗೊತ್ತಿರಲಿಲ್ಲ.

ಆ ಅಮ್ಮಂದಿರಿಗೂ ನಾನು ಒಂದು ಮಾತು ಹೇಳಬೇಕು. ಈ ದೇಶಕ್ಕೆ ಬರುವಾಗ ಓದನ್ನೋ ಕೆಲಸವನ್ನೋ ಅರ್ಧಕ್ಕೆ ಬಿಟ್ಟು ಬಂದವರು ನಮ್ಮಲ್ಲಿ ಅನೇಕರಿದ್ದಾರೆ. ಇನ್ನೇನು, ವಯಸ್ಸಾಯಿತು, ಮಕ್ಕಳಾದರೂ ಓದಲಿ ಎಂದು ತರಗತಿಯ ಹೊರಗೆ ಕಾಯುತ್ತಾ ನನ್ನೊಡನೆ ಹೇಳಿದವರಿದ್ದಾರೆ. ಲಕ್ಷ್ಮೀಬಾಯಿ ಓದಲು ಕಲಿತದ್ದು ಮದುವೆಯಾಗಿ ಬಂದ ಮೇಲೆ. ಗೋದೂಬಾಯಿ ಶಾಲೆಗೆ ಸೇರಿದ್ದು ಇಪ್ಪತ್ತು ದಾಟಿದ ಮೇಲೆ. ರಮಾಬಾಯಿ ಹೀಬ್ರೂ ಕಲಿತದ್ದು ಕೂದಲು ನರೆಯುವ ವಯಸ್ಸಿನಲ್ಲಿ. ಮಕ್ಕಳ ಪ್ರಮಾಣಪತ್ರಕ್ಕೆ ಚಪ್ಪಾಳೆ ತಟ್ಟಿ ಮನೆಗೆ ಹೋದ ಮೇಲೆ, ಪೆಟ್ಟಿಗೆಯಲ್ಲಿ ಇಟ್ಟ ನಿಮ್ಮ ಹಳೆಯ ಅಂಕಪಟ್ಟಿಯನ್ನೂ ಒಮ್ಮೆ ಹೊರತೆಗೆದು ನೋಡಿ.