ಪದವಿ ಇಲ್ಲದ ಪಕ್ಷಿ ಪಂಡಿತ

ಸಲೀಂ ಅಲಿ ಎಂದರೆ ನಮಗೆ ಸ್ಪರ್ಧಾತ್ಮಕ ಪರೀಕ್ಷೆಯ ಒಂದು ಅಂಕದ ಪ್ರಶ್ನೆ. ‘ಭಾರತದ ಪಕ್ಷಿ ಮನುಷ್ಯ’ ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಅವರೂ ಒಂದು ಕಾಲಕ್ಕೆ ನಮ್ಮ ಹಾಗೆಯೇ ಕೆಲಸ ಹುಡುಕಿದವರು.

1896ರಲ್ಲಿ ಮುಂಬೈಯಲ್ಲಿ ಹುಟ್ಟಿದ ಅವರು ಚಿಕ್ಕಂದಿನಲ್ಲೇ ತಂದೆ–ತಾಯಿಯನ್ನು ಕಳೆದುಕೊಂಡು ಸೋದರಮಾವನ ಮನೆಯಲ್ಲಿ ಬೆಳೆದರು. ಬಾಲಕನಾಗಿದ್ದಾಗ ಏರ್‌ಗನ್ನಿನಿಂದ ಹೊಡೆದ ಗುಬ್ಬಿಯ ಕತ್ತಿನ ಮೇಲೆ ಹಳದಿ ಮಚ್ಚೆ ಕಂಡಿತು. ಇದು ಯಾವ ಹಕ್ಕಿ ಎಂದು ಕೇಳಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದರು. ಕಾರ್ಯದರ್ಶಿ ಮಿಲ್ಲಾರ್ಡ್ ಹೆಸರು ಹೇಳಿದ್ದಲ್ಲದೆ ಅಲ್ಲಿನ ಪಕ್ಷಿ ಸಂಗ್ರಹವನ್ನೂ ತೋರಿಸಿದರು. ಅಲ್ಲಿಂದ ಹಕ್ಕಿಯ ಹುಚ್ಚು ಬಿಡಲಿಲ್ಲ.

ಆದರೆ ವಿಶ್ವವಿದ್ಯಾಲಯದ ಪದವಿ ಇಲ್ಲದ ಕಾರಣ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ಹುದ್ದೆ ಕೈತಪ್ಪಿತು. 1926ರಲ್ಲಿ ಮುಂಬೈ ವಸ್ತುಸಂಗ್ರಹಾಲಯದಲ್ಲಿ ಕೆಲಸ ಸಿಕ್ಕಿತು. ಬರ್ಲಿನ್‌ಗೆ ಹೋಗಿ ಸ್ಟ್ರೆಸೆಮನ್ ಎಂಬ ವಿಜ್ಞಾನಿಯ ಬಳಿ ಕಲಿತು 1930ರಲ್ಲಿ ಮರಳಿದರೆ, ಹಣವಿಲ್ಲವೆಂದು ಆ ಹುದ್ದೆಯೇ ರದ್ದಾಗಿತ್ತು!

ಕೆಲಸವಿಲ್ಲದ ಆ ದಿನಗಳಲ್ಲಿ ಅವರು ಸಮುದ್ರ ತೀರದ ಕಿಹಿಮ್ ಹಳ್ಳಿಯಲ್ಲಿದ್ದರು. ಮನೆಯ ಹತ್ತಿರವೇ ಗೀಜಗಗಳು ಗೂಡು ಕಟ್ಟುತ್ತಿದ್ದವು. ದಿನವೂ ನೋಡಿದರು, ಬರೆದಿಟ್ಟರು. ಗಂಡು ಗೀಜಗ ಅರ್ಧ ಗೂಡು ಹೆಣೆಯುತ್ತದೆ; ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಮಾತ್ರ ಅದು ಪೂರ್ತಿಯಾಗುತ್ತದೆ. ಆಮೇಲೆ ಗಂಡು ಮತ್ತೊಂದು ಗೂಡು, ಮತ್ತೊಂದು ಸಂಸಾರ ಶುರು ಮಾಡುತ್ತದೆ. ಈ ಬರಹ ಅವರಿಗೆ ಹೆಸರು ತಂದಿತು. ನಂತರ ಸಂಸ್ಥಾನಗಳ ಪಕ್ಷಿ ಸಮೀಕ್ಷೆಗೆ ಹೊರಟರು. 1939–40ರಲ್ಲಿ ನಮ್ಮ ಮೈಸೂರು ಸಂಸ್ಥಾನವನ್ನೂ ಸುತ್ತಿದರು. 1941ರಲ್ಲಿ ಭಾರತೀಯ ಪಕ್ಷಿಗಳ ಕುರಿತ ಪ್ರಸಿದ್ಧ ಪುಸ್ತಕ ಬಂತು. 1976ರಲ್ಲಿ ಪದ್ಮವಿಭೂಷಣ. ಪದವಿ ಇಲ್ಲದವರಿಗೆ ವಿಶ್ವವಿದ್ಯಾಲಯಗಳೇ ಗೌರವ ಡಾಕ್ಟರೇಟ್ ಕೊಟ್ಟವು. 1987ರಲ್ಲಿ ತೀರಿಕೊಂಡರು.

ನಾನು ಬಿಇ ವಿದ್ಯಾರ್ಥಿ. ಮುಂದಿನ ವರ್ಷ ಕ್ಯಾಂಪಸ್ ಸಂದರ್ಶನ. ಪದವಿ ಬೇಕೇ ಬೇಕು, ಅದನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಆದರೆ ಕೆಲಸ ಸಿಗದ ತಿಂಗಳುಗಳೂ ವ್ಯರ್ಥವಾಗಬೇಕಿಲ್ಲ ಎಂಬುದಕ್ಕೆ ಆ ಗೀಜಗದ ಗೂಡೇ ಸಾಕ್ಷಿ. ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಓಡಾಡುವಾಗ ಕಂಡ ಹಕ್ಕಿಗಳ ಪಟ್ಟಿ ನನ್ನ ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿದೆ. ಹೆಸರು, ದಿನಾಂಕ, ಸಮಯ, ಏನು ಮಾಡುತ್ತಿತ್ತು ಎಂಬ ನಾಲ್ಕು ಸಾಲು. ಸದ್ಯ 23 ಹಕ್ಕಿಗಳಿವೆ. ಇದಕ್ಕೆ ಕ್ಯಾಮೆರಾ ಬೇಡ, ಕಾಡಿಗೆ ಹೋಗುವ ಖರ್ಚೂ ಬೇಡ. ನಿಮ್ಮ ಓಣಿಯ ಬೇವಿನ ಮರದಿಂದಲೇ ಶುರು ಮಾಡಬಹುದು.