ತಂಗಿಗಾಗಿ ಅತ್ತ ಡಾಕ್ಟರಮ್ಮ

ಊರಿಂದ ಯಾರಾದರೂ ಫೈಲು ಹಿಡಿದು ಚೆನ್ನೈಗೆ ಬಂದರೆ, ಇಲ್ಲಿರುವ ಕನ್ನಡಿಗರು ಅವರನ್ನು ಅಡ್ಯಾರಿನ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್‌ಗೆ ಕರೆದೊಯ್ಯುವುದುಂಟು. ಅದನ್ನು ಕಟ್ಟಿದ ಡಾ. ಮುತ್ತುಲಕ್ಷ್ಮಿ ರೆಡ್ಡಿ ಅವರ ಬದುಕು ಮಾತ್ರ ನಮಗೆ ಅಷ್ಟಾಗಿ ಗೊತ್ತಿಲ್ಲ.

ಹುಟ್ಟಿದ್ದು 1886ರಲ್ಲಿ, ಪುದುಕ್ಕೋಟೆ ಸಂಸ್ಥಾನದಲ್ಲಿ. ತಾಯಿ ದೇವದಾಸಿ ಮನೆತನದವರು, ತಂದೆ ಕಾಲೇಜಿನ ಪ್ರಿನ್ಸಿಪಾಲರು. ಹುಡುಗರ ಕಾಲೇಜಿನಲ್ಲಿ ಒಬ್ಬಳೇ ಹುಡುಗಿಯಾಗಿ ಓದಿ, 1912ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನಿಂದ ಡಾಕ್ಟರಾದರು. 1927ರಲ್ಲಿ ಮದ್ರಾಸ್ ಶಾಸನ ಪರಿಷತ್ತಿನ ಉಪಾಧ್ಯಕ್ಷೆಯಾದರು. ಅವರು ವರ್ಷಗಟ್ಟಲೆ ಹೋರಾಡಿದ ದೇವದಾಸಿ ಪದ್ಧತಿ ನಿಷೇಧ ಕಾನೂನು 1947ರಲ್ಲಿ ಬಂತು. ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ನಮ್ಮ ಮಂಗಳೂರು, ಬಳ್ಳಾರಿಗೂ ಅದು ಅನ್ವಯಿಸಿತು.

ತಂಗಿ ಎಳೆಯ ವಯಸ್ಸಿಗೇ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಡಾಕ್ಟರಾದ ಅಕ್ಕನಿಗೆ ಏನೂ ಮಾಡಲಾಗಲಿಲ್ಲ. ಆ ನೋವು ಆಸ್ಪತ್ರೆಯಾಗಲು ಮೂರು ದಶಕ ಬೇಕಾಯಿತು. ಮಹಿಳಾ ಸಂಘದ ಮೂಲಕ ಹಣ ಕೂಡಿಸಿ, 1954ರ ಜೂನ್ 18ರಂದು 12 ಹಾಸಿಗೆಗಳೊಂದಿಗೆ ಬಾಗಿಲು ತೆರೆದರು. ಮಗ ಡಾ. ಕೃಷ್ಣಮೂರ್ತಿ ಮತ್ತು ಡಾ. ಶಾಂತಾ ಜೊತೆಗೆ ನಿಂತರು. 1957ರಲ್ಲಿ ವಿಕಿರಣ ಚಿಕಿತ್ಸೆಯ ಕೋಬಾಲ್ಟ್-60 ಯಂತ್ರವೂ ಬಂತು. 1968ರಲ್ಲಿ ಮುತ್ತುಲಕ್ಷ್ಮಿ ಕಣ್ಣುಮುಚ್ಚಿದರು.

ಅವರು ಹೋದಮೇಲೆ ವಿಕಿರಣದ ಬಗ್ಗೆ ಇನ್ನೊಂದು ವಿಷಯ ಸ್ಪಷ್ಟವಾಯಿತು. ವಿಕಿರಣ ಜೀವಕೋಶದ ಡಿಎನ್‌ಎಯನ್ನು ತುಂಡರಿಸುತ್ತದೆ. ಆರೋಗ್ಯವಂತ ಕೋಶ ಅದನ್ನು ರಿಪೇರಿ ಮಾಡಿಕೊಳ್ಳುತ್ತದೆ. ಕ್ಯಾನ್ಸರ್ ಕೋಶಕ್ಕೆ ಅದು ಅಷ್ಟು ಚೆನ್ನಾಗಿ ಬಾರದು. ಚಿಕಿತ್ಸೆ ನಿಂತಿರುವುದೇ ಈ ವ್ಯತ್ಯಾಸದ ಮೇಲೆ. ಆದರೆ ಕೆಲವರಿಗೆ ಹುಟ್ಟಿನಿಂದಲೇ ಆ ರಿಪೇರಿ ಶಕ್ತಿ ಕುಂದಿರುತ್ತದೆ. ಅಟಾಕ್ಸಿಯಾ ಟೆಲಾಂಜಿಯೆಕ್ಟೇಸಿಯಾ ಅಂಥ ಅಪರೂಪದ ಕಾಯಿಲೆ. ತಾಯಿ ತಂದೆ ಇಬ್ಬರಿಂದಲೂ ದೋಷವಿರುವ ಜೀನ್ ಬಂದರೆ ಮಗುವಿಗೆ ತಗಲುತ್ತದೆ. ಮಗು ತೂರಾಡುತ್ತಾ ನಡೆಯುತ್ತದೆ, ಕ್ಯಾನ್ಸರಿನ ಭಯವೂ ಹೆಚ್ಚು. ಅಂಥವರಿಗೆ ಮಾಮೂಲಿ ಡೋಸೇ ಪ್ರಾಣಕ್ಕೆ ಕುತ್ತಾಗಬಹುದು. ಅವರ ಕೋಶಗಳು ವಿಕಿರಣಕ್ಕೆ ಬೇಗ ಸಾಯುತ್ತವೆಂದು ಲ್ಯಾಬಿನಲ್ಲಿ ತೋರಿಸಿದ್ದು 1975ರಲ್ಲಿ. ಜೀನ್ ಸಿಕ್ಕಿದ್ದು 1995ರಲ್ಲಿ.

ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿ ತಮಿಳರಲ್ಲೂ ಇದೆ, ನಮ್ಮಲ್ಲೂ ಇದೆ. ಒಂದೇ ದೋಷದ ಜೀನ್ ಎರಡೂ ಕಡೆಯಿಂದ ಬರುವ ಸಂಭವ ಅಂಥ ಮನೆಗಳಲ್ಲಿ ಹೆಚ್ಚು. ಆದ್ದರಿಂದ ಊರಿನವರನ್ನು ರೇಡಿಯೇಶನ್‌ಗೆ ಕರೆದೊಯ್ಯುವಾಗ, ಮನೆಯಲ್ಲಿ ಯಾರಿಗೆ ಯಾವ ಕಾಯಿಲೆಯಿತ್ತು, ಮದುವೆ ಸಂಬಂಧದೊಳಗೇ ಆಗಿತ್ತೇ ಎಂದು ಮೊದಲೇ ಕೇಳಿಕೊಂಡು ಡಾಕ್ಟರಿಗೆ ತಿಳಿಸಿ. ನಾಚಿಕೆಯಿಂದ ಮುಚ್ಚಿಡಬೇಡಿ.