ಕಾಲದಿಂದ ಆಳ ಅಳೆದ ಮೊಹೊರೊವಿಚಿಚ್

ಇಂದಿನ ಕ್ರೊಯೇಷಿಯಾದ ವೊಲೊಸ್ಕೊ ಊರಿನಲ್ಲಿ 1857ರಲ್ಲಿ ಕಮ್ಮಾರನ ಮಗನಾಗಿ ಜನಿಸಿದ ಆಂಡ್ರಿಯಾ ಮೊಹೊರೊವಿಚಿಚ್, ಪ್ರಾಗ್‌ನಲ್ಲಿ ಗಣಿತ, ಭೌತಶಾಸ್ತ್ರ ಕಲಿತು 1892ರಲ್ಲಿ ಜಾಗ್ರೆಬ್ ಹವಾಮಾನ ವೀಕ್ಷಣಾಲಯದ ಮುಖ್ಯಸ್ಥರಾದರು.

1909ರ ಅಕ್ಟೋಬರ್ 8ರಂದು ಜಾಗ್ರೆಬ್‌ನ ಆಗ್ನೇಯಕ್ಕೆ ಭೂಕಂಪ ಸಂಭವಿಸಿತು. ಯೂರೋಪಿನ ನಾನಾ ಕೇಂದ್ರಗಳ ದಾಖಲೆಗಳನ್ನು ಅವರು ಹೋಲಿಸಿ ನೋಡಿದರು. ಕೆಲವು ದೂರದ ಕೇಂದ್ರಗಳಲ್ಲಿ ಒಂದೇ ಬಗೆಯ ಅಲೆ ಎರಡು ಬಾರಿ ದಾಖಲಾಗಿತ್ತು. ಒಂದು ಮೇಲ್ಪದರದಲ್ಲೇ ಸಾಗಿ ಬಂದದ್ದು. ಇನ್ನೊಂದು ಆಳಕ್ಕಿಳಿದು, ಅಲ್ಲಿನ ಶಿಲೆಯಲ್ಲಿ ವೇಗವಾಗಿ ಓಡಿ ಮೊದಲೇ ತಲುಪಿದ್ದು. ಗಡಿಯಾರ ತಿಳಿಸುವುದು ಕಾಲವನ್ನಷ್ಟೇ. ವೇಗ ತಿಳಿಯದೆ ಆಳ ದಕ್ಕದು. ಅಲೆಗಳ ವೇಗವನ್ನೂ ಗಣಿಸಿ, ಭೂಮಿಯ ಹೊರಪದರದ ತಳ ಅಲ್ಲಿ ಸುಮಾರು 54 ಕಿ.ಮೀ. ಆಳದಲ್ಲಿದೆಯೆಂದು 1910ರಲ್ಲಿ ಪ್ರಕಟಿಸಿದರು.

1936ರಲ್ಲಿ ಅವರು ನಿಧನರಾದರು. ಆ ಗಡಿ ‘ಮೊಹೊ’ ಎಂದೇ ಹೆಸರಾಗಿದೆ. ತೈಲ ಶೋಧಕರು ಇಂದಿಗೂ ಅಲೆಯ ಕಾಲದಿಂದ ಆಳವನ್ನು ಕಂಡುಕೊಳ್ಳುವುದು ವೇಗದ ಲೆಕ್ಕದಿಂದಲೇ. ಅದು ತಪ್ಪಿದರೆ ತೈಲಬಾವಿಯೂ ಗುರಿ ತಪ್ಪೀತು.